ಕನ್ನಡಿ ಮುಂದಿನ ಡಬ್ಬಿಯಿಂದ ಒಲೆ ಮೇಲಿನ ಪಲ್ಯದವರೆಗೆ: ಪ್ರಾಣಿಹಿಂಸೆ ಇಲ್ಲದ ದಿನಚರಿ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಮಾಂಸವಿಲ್ಲದ ಊಟವನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ, ಉಳ್ಳಾಗಡ್ಡಿ ಇದ್ದರೆ ತಾಟು ತುಂಬಿತು. ಶ್ರಾವಣದಲ್ಲಿ ತಿಂಗಳಿಡೀ ಮಾಂಸ ಬಿಡುವ ಮನೆಗಳೂ ಬೇಕಾದಷ್ಟಿವೆ. ಆದರೆ ಅದೇ ಮನೆಯ ಕನ್ನಡಿ ಮುಂದಿರುವ ಲಿಪ್‌ಸ್ಟಿಕ್‌ನಲ್ಲಿ ಹುಳ ಒಣಗಿಸಿ ತೆಗೆದ ಬಣ್ಣ ಇರಬಹುದು, ಬಚ್ಚಲದ ಸೋಪಿನಲ್ಲಿ ಪ್ರಾಣಿಯ ಕೊಬ್ಬು ಇರಬಹುದು. ಅದನ್ನು ಯಾರೂ ಹೇಳುವುದಿಲ್ಲ, ಹಾಗಾಗಿ ನಾವೇ ಓದಿ ತಿಳಿಯಬೇಕು. ಈ ಬರಹದ ಅರ್ಧ ಭಾಗ ಆ ಓದಿಗೆ, ಉಳಿದದ್ದು ಅಡುಗೆಗೆ.

ಮೊದಲು ಎರಡು ಸಂಗತಿ ಬೇರೆ ಬೇರೆ ಇಟ್ಟುಕೊಳ್ಳಿ. ಒಂದು, ಆ ವಸ್ತುವನ್ನು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದ್ದಾರೆಯೇ ಅನ್ನುವುದು. ಎರಡು, ಅದರೊಳಗೆ ಪ್ರಾಣಿಯ ಅಂಶ ಇದೆಯೇ ಅನ್ನುವುದು. ಮೊದಲನೆಯದಕ್ಕೆ ನಮ್ಮ ದೇಶದಲ್ಲಿ ಕಾನೂನಿನ ಆಸರೆ ಇದೆ. 2014ರ ಮೇ ತಿಂಗಳಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ ನಿಷೇಧಿಸಿತು. ಅದೇ ವರ್ಷದ ನವೆಂಬರ್‌ನಿಂದ ಹಾಗೆ ಪರೀಕ್ಷಿಸಿದ ಮಾಲಿನ ಆಮದಿಗೂ ತಡೆ ಬಿತ್ತು. ಆದರೂ ದೊಡ್ಡ ಕಂಪನಿಯೊಂದು ತನ್ನ ಬೇರೆ ಮಾಲನ್ನು ಬೇರೆ ದೇಶದಲ್ಲಿ ಪರೀಕ್ಷೆಗೆ ಕೊಡುವುದಕ್ಕೆ ಈ ಕಾನೂನು ಅಡ್ಡ ಬರುವುದಿಲ್ಲ. ಅಲ್ಲಿಗೇ ಜಿಗಿಯುವ ಮೊಲದ ಗುರುತು ಬೇಕಾಗುವುದು. ಲೀಪಿಂಗ್ ಬನ್ನಿ ಅನ್ನುವ ಆ ಗುರುತು ಕೊಡುವ ಮುಂಚೆ ಕಂಪನಿಗೆ ಕಚ್ಚಾ ಮಾಲು ಕೊಡುವವರನ್ನೂ ವಿಚಾರಿಸುತ್ತಾರೆ. ಕಂಪನಿಯೇ ಬಿಡಿಸಿಕೊಂಡ ಯಾವುದೋ ಮೊಲದ ಚಿತ್ರಕ್ಕೆ ಆ ಬೆಲೆ ಇಲ್ಲ.

ಇನ್ನೊಂದು ಮಾತು: ಮೊಲದ ಗುರುತು ಪ್ರಯೋಗದ ಬಗ್ಗೆ ಮಾತ್ರ ಹೇಳುತ್ತದೆ. ಗುರುತಿದ್ದ ಡಬ್ಬಿಯಲ್ಲೂ ಜೇನುಮೇಣ, ಉಣ್ಣೆಯ ಜಿಡ್ಡು, ಹುಳದ ಬಣ್ಣ ಇರಬಹುದು. ಅವೂ ಬೇಡ ಅನ್ನುವವರು 'ವೀಗನ್' ಅಂತ ಬರೆದದ್ದನ್ನು ಹುಡುಕಬೇಕು, ಇಲ್ಲವೇ ಒಳಗೆ ಏನೇನು ಹಾಕಿದ್ದಾರೆ ಅನ್ನುವ ಪದಾರ್ಥಗಳ ಪಟ್ಟಿ ಓದಬೇಕು.

ಪಟ್ಟಿ ಓದುವುದು ರೂಢಿಯಾದರೆ ಅರ್ಧ ನಿಮಿಷದ ಕೆಲಸ. ಲಿಪ್‌ಸ್ಟಿಕ್ ಕಡ್ಡಿಯ ತಳದಲ್ಲಿ ಬಣ್ಣದ ಹೆಸರು, ನಂಬರು ಅಷ್ಟೇ ಇರುತ್ತದೆ. ಪಟ್ಟಿ ಇರುವುದು ಹೊರಗಿನ ರಟ್ಟಿನ ಪೆಟ್ಟಿಗೆ ಮೇಲೆ, ಹಾಗಾಗಿ ಅಂಗಡಿಯಲ್ಲಿ ಪೆಟ್ಟಿಗೆ ಕೇಳಿ. ಪಟ್ಟಿಯ ಕಡೆಯ ಸಾಲಿನಲ್ಲಿ ಕೂಡಿಸುವ ಮತ್ತು ಕಳೆಯುವ ಚಿಹ್ನೆ ಇಟ್ಟು ಬಣ್ಣಗಳ ಸಂಖ್ಯೆ ಬರೆದಿರುತ್ತಾರೆ. ಸಿ.ಐ. ಅಂದರೆ ಕಲರ್ ಇಂಡೆಕ್ಸ್, ಬಣ್ಣಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿ. ಸಿ.ಐ. 75470 ಅಂತ ಕಂಡರೆ ಅದು ಕಾರ್ಮೈನ್, ಕಳ್ಳಿ ಮೇಲೆ ಬೆಳೆಯುವ ಕಾಚಿನೀಲ್ ಹುಳದಿಂದ ತೆಗೆದ ಕೆಂಪು. ಒಂದೇ ಪಟ್ಟಿಯನ್ನು ಎಲ್ಲ ಬಣ್ಣಕ್ಕೂ ಅಚ್ಚು ಹಾಕುವುದರಿಂದ ನೀವು ಹಿಡಿದ ಕಡ್ಡಿಯಲ್ಲಿ ಅದು ಇರಬಹುದು, ಇಲ್ಲದೆಯೂ ಇರಬಹುದು. ಅನುಮಾನ ಇದ್ದರೆ ಬಿಡುವುದೇ ಲೇಸು. 77491 ಕಬ್ಬಿಣದ ಆಕ್ಸೈಡ್, 15850 ಕಾರ್ಖಾನೆಯಲ್ಲಿ ತಯಾರಾದ ಕೆಂಪು. ಇವೆರಡರಲ್ಲೂ ಹುಳ ಇಲ್ಲ. ಉಗುರುಬಣ್ಣದ ಮುತ್ತಿನ ಹೊಳಪಿಗೆ 75170 ಹಾಕಿದ್ದರೆ ಅದು ಮೀನಿನ ಪರೆಯಿಂದ ಬಂದ ಗ್ವಾನಿನ್. 77019 ಇದ್ದರೆ ಅಭ್ರಕ, ಅಂದರೆ ಖನಿಜ.

ಹೆಸರಿನಿಂದ ಗುರುತಿಸಬೇಕಾದವೂ ಕೆಲವಿವೆ. ಲ್ಯಾನೊಲಿನ್ ಕುರಿಯ ಉಣ್ಣೆಯ ಜಿಡ್ಡು. ಸೆರಾ ಆಲ್ಬಾ ಜೇನುಮೇಣ. ಶೆಲಾಕ್ ಅರಗು, ಅದೂ ಹುಳದಿಂದ ಬಂದದ್ದು. ಸ್ಕ್ವಾಲೀನ್ ಅನ್ನು ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಾರೆ, ಆಲಿವ್ ಎಣ್ಣೆಯಿಂದಲೂ ತೆಗೆಯಬಹುದು. ಮೂಲ ಬರೆಯದಿದ್ದರೆ ಕಂಪನಿಗೆ ಒಂದು ಸಾಲು ಬರೆದು ಕೇಳಿ. ಗ್ಲಿಸರಿನ್, ಸ್ಟಿಯರಿಕ್ ಆಮ್ಲಗಳದ್ದೂ ಇದೇ ಕತೆ, ಗಿಡದ್ದೂ ಆಗಬಹುದು, ಕೊಬ್ಬಿನದ್ದೂ ಆಗಬಹುದು. ಸೋಪಿನಲ್ಲಿ ಮಾತ್ರ ಗೊಂದಲ ಕಡಿಮೆ: ಸೋಡಿಯಂ ಟ್ಯಾಲೋವೇಟ್ ಅಂದರೆ ಪ್ರಾಣಿಯ ಕೊಬ್ಬು, ಸೋಡಿಯಂ ಪಾಮೇಟ್ ಅಂದರೆ ತಾಳೆ ಎಣ್ಣೆ, ಸೋಡಿಯಂ ಕೊಕೊಯೇಟ್ ಅಂದರೆ ಕೊಬ್ಬರಿ ಎಣ್ಣೆ. ಮೇಕಪ್ ಬ್ರಷ್ಷು ಕೊಳ್ಳುವಾಗ ನೈಲಾನ್ ಕೂದಲಿನದೇ ಕೇಳಿ. ಮುಂಗುಸಿ ಕೂದಲಿನ ಬ್ರಷ್ಷು ಮಾರುವುದು ಅಪರಾಧ, ಆ ಪ್ರಾಣಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ.

ಕುಂಕುಮದ ಕೆಳಗೆ ಹಚ್ಚುವ ಮೇಣ ನಮ್ಮ ಹಿರಿಯರ ಕಾಲದಿಂದಲೂ ಜೇನುಮೇಣವೇ. ಅದಕ್ಕೆ ಬದಲಾಗಿ ಕ್ಯಾಂಡೆಲಿಲ್ಲಾ ಅನ್ನುವ ಗಿಡದ ಮೇಣ ಆನ್‌ಲೈನ್‌ನಲ್ಲಿ ಸಿಗುತ್ತದೆ. ಇದು ಜೇನುಮೇಣಕ್ಕಿಂತ ಗಟ್ಟಿ, ಆದ್ದರಿಂದ ಹಳೆಯ ಅಳತೆಯ ಅರ್ಧದಷ್ಟು ಸಾಕು. 5 ಗ್ರಾಂ ಮೇಣ, 15 ಗ್ರಾಂ ಕುಸುಬಿ ಎಣ್ಣೆ, 10 ಗ್ರಾಂ ಹರಳೆಣ್ಣೆ ತೂಗಿ ಇಟ್ಟುಕೊಳ್ಳಿ. ಒಂದು ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಸ್ಟೀಲ್ ಬಟ್ಟಲು ಇಟ್ಟು ಮೇಣ ಕರಗಿಸಿ. ಇದು ಕರಗುವುದೇ ಸುಮಾರು 70 ಡಿಗ್ರಿಗೆ, ಹಾಗಾಗಿ ಅವಸರ ಬೇಡ. ತಣ್ಣಗಿನ ಎಣ್ಣೆ ಸುರಿದರೆ ಮೇಣ ಅಲ್ಲಲ್ಲೇ ಗಂಟು ಕಟ್ಟುತ್ತದೆ, ಎಣ್ಣೆಯನ್ನೂ ಬೆಚ್ಚಗೆ ಮಾಡಿಯೇ ಹಾಕಬೇಕು. ಗಂಟು ಕಟ್ಟಿದರೆ ಮತ್ತೆ ನೀರಿನ ಮೇಲಿಟ್ಟರೆ ಸರಿಹೋಗುತ್ತದೆ. ಸಣ್ಣ ಡಬ್ಬಿಗೆ ಹೊಯ್ದು ಅಲುಗಾಡಿಸದೆ ಆರಲು ಬಿಡಿ. ತುಟಿಗೂ ಇದೇ ಆಗುತ್ತದೆ, ಕುಂಕುಮಕ್ಕೂ ಇದೇ ಆಗುತ್ತದೆ. ಹಿಡಿತ ಕೊಡುವುದು ಹರಳೆಣ್ಣೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೂ ಕರಗಿ ಹರಿಯುವುದಿಲ್ಲ. ಇದರಲ್ಲಿ ನೀರಿನಂಶ ಇಲ್ಲದ್ದರಿಂದ ಬೂಸು ಹಿಡಿಯದು, ಆದರೆ ಒದ್ದೆ ಬೆರಳು ಅದ್ದಬೇಡಿ. ಗಾಣದ ಕುಸುಬಿ ಎಣ್ಣೆ ಬೇಗ ಕಮಟು ವಾಸನೆ ಹಿಡಿಯುತ್ತದೆ, ಎರಡು ತಿಂಗಳಿಗೆ ಸಾಲುವಷ್ಟೇ ಮಾಡಿ. ಒಡೆದ ಹಿಮ್ಮಡಿಗೆ ಬೇರೇನೂ ಮಾಡಬೇಕಿಲ್ಲ, ಖಾನಾಪುರದ ಆಚೆ ಘಟ್ಟದ ಕಡೆಯಿಂದ ಬರುವ ಮುರುಗಲ ತುಪ್ಪವನ್ನು ತುಸು ಬೆಚ್ಚಗೆ ಮಾಡಿ ರಾತ್ರಿ ಹಚ್ಚಿದರೆ ಸಾಕು. ಹೆಸರು ತುಪ್ಪ ಆದರೂ ಅದು ಮುರುಗಲ ಬೀಜದ ಜಿಡ್ಡು.

ತಲೆ ತೊಳೆಯುವ ವಿಷಯದಲ್ಲಿ ನಮ್ಮ ಬೋರಿನ ನೀರನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಗಡಸು ನೀರಿನ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಕೂದಲಿಗೆ ಅಂಟುತ್ತದೆ. ಅಂಟವಾಳಕಾಯಿಯ ನೊರೆಗೆ ಆ ಕಾಟ ಇಲ್ಲ. ಬೀಜ ತೆಗೆದ ಹತ್ತು ಅಂಟವಾಳ ಸಿಪ್ಪೆ, ನಾಲ್ಕೈದು ಸೀಗೆಕಾಯಿ, ಒಂದು ಚಮಚ ಮೆಂತ್ಯಕಾಳನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ, ಆರಿದ ಮೇಲೆ ಹಿಚುಕಿ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಸೀಗೆಯ ನಾರು ಕೂದಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಬಿದ್ದರೆ ಜೋರು ಉರಿ, ಮಕ್ಕಳಿಗೆ ತಲೆ ಹಿಂದಕ್ಕೆ ಬಾಗಿಸಿಯೇ ಹಾಕಿ. ಹೊರಗಿಟ್ಟರೆ ಮರುದಿನಕ್ಕೆ ಹುಳಿ ವಾಸನೆ ಬರುತ್ತದೆ, ಫ್ರಿಜ್ಜಿನಲ್ಲಿ ಮೂರು ದಿನ.

ಇದೇ ಗಡಸು ನೀರು ಅಡುಗೆಮನೆಯಲ್ಲೂ ಕೈಕೊಡುತ್ತದೆ. ಎಷ್ಟು ಸೀಟಿ ಹೊಡೆಸಿದರೂ ಕಾಳು ಬೇಯಲಿಲ್ಲ ಅಂದರೆ ಬಹಳ ಸಲ ತಪ್ಪು ಕಾಳಿನದಲ್ಲ, ನೀರಿನ ಸುಣ್ಣದ್ದು. ಅದು ಕಾಳಿನ ಗೋಡೆಯನ್ನು ಗಟ್ಟಿ ಮಾಡಿಬಿಡುತ್ತದೆ. ನೆನೆಸಲು, ಬೇಯಿಸಲು ಕುಡಿಯುವ ಸಿಹಿನೀರನ್ನೇ ಬಳಸಿ. ಸೋಡಾ ಹಾಕಿದರೆ ಬೇಗ ಮೆತ್ತಗಾಗುತ್ತದೆ ನಿಜ, ಆದರೆ ಕಾಳಿನ ಬಿ1 ಜೀವಸತ್ವ ಹಾಳಾಗುತ್ತದೆ. ಹುಣಸೆ, ಟೊಮ್ಯಾಟೊ ಹಾಕುವುದು ಕಾಳು ಬೆಂದ ಮೇಲೆಯೇ, ಹುಳಿ ಬಿದ್ದ ಮೇಲೆ ಕಾಳು ಮೆತ್ತಗಾಗುವುದಿಲ್ಲ.

ಮಾಂಸ ಬಿಟ್ಟವರ ಮನೆಯಲ್ಲಿ ಕೇಳಿಬರುವ ಮಾತೊಂದೇ: "ಆ ರುಚಿ ಬರಂಗಿಲ್ರಿ." ಆ ರುಚಿಯಲ್ಲಿ ಬಹುಪಾಲು ಮಸಾಲೆಯದ್ದು, ಹುರಿದ ಉಳ್ಳಾಗಡ್ಡಿ ಮತ್ತು ಕೊಬ್ಬರಿಯದ್ದು. ಅದನ್ನು ಮಡಿಕೆಕಾಳಿಗೆ ಕೊಟ್ಟು ನೋಡಿ. ನಾಲ್ಕು ಜನಕ್ಕೆ ಒಂದು ಬಟ್ಟಲು ಮಡಿಕೆಕಾಳು, ಅಂದರೆ 200 ಗ್ರಾಂ. ಎಂಟು ತಾಸು ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಹತ್ತು ತಾಸಿಗೇ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಒಂದು ದಿನ ಬೇಕು. ಲೋಳೆ ಅಥವಾ ಹುಳಿ ವಾಸನೆ ಬಂದರೆ ನೀರು ಸರಿಯಾಗಿ ಬಸಿದಿಲ್ಲ ಅಂತ ಅರ್ಥ. ಅಂಥ ಕಾಳನ್ನು ಚೆಲ್ಲಿಬಿಡಿ.

ಎರಡು ದೊಡ್ಡ ಉಳ್ಳಾಗಡ್ಡಿಯನ್ನು ಉದ್ದಕ್ಕೆ ಹೆಚ್ಚಿ ಒಂದು ಚಮಚ ಎಣ್ಣೆಯಲ್ಲಿ ಕಂದು ಬಣ್ಣ ಬರುವತನಕ ಹುರಿಯಿರಿ, ಹತ್ತು ನಿಮಿಷವಾದರೂ ಬೇಕು. ಇಲ್ಲಿ ಅವಸರ ಮಾಡಿದರೆ ಪಲ್ಯ ಸಪ್ಪೆ. ಕಾಲು ಬಟ್ಟಲು ಒಣಕೊಬ್ಬರಿಯನ್ನು ಬೇರೆಯಾಗಿ ಹುರಿಯಿರಿ, ಕಪ್ಪಾದರೆ ಕಹಿ. ಒಂದು ಚಮಚ ಗುರೆಳ್ಳು ಚಟಪಟ ಅಂದ ಕೂಡಲೇ ಇಳಿಸಿ. ಇವುಗಳಿಗೆ ಒಂದು ಚಮಚ ಹುರಿದ ಕೊತ್ತಂಬರಿಬೀಜ, ಮೂರು ಲವಂಗ, ಒಂದಿಂಚು ಚಕ್ಕೆ, ಎಂಟು ಎಸಳು ಬಳ್ಳೊಳ್ಳಿ, ಸ್ವಲ್ಪ ಶುಂಠಿ ಸೇರಿಸಿ ನುಣ್ಣಗೆ ರುಬ್ಬಿ. ಮೊಳಕೆ ಕಾಳನ್ನು ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಕುಕ್ಕರಾದರೆ ಒಂದೇ ಸೀಟಿ, ಎರಡಾದರೆ ಮುದ್ದೆಯಾಗುತ್ತದೆ. ಬೇರೆ ಬಾಣಲೆಯಲ್ಲಿ ಮೂರು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು ಹಾಕಿ, ಒಲೆ ಆರಿಸಿ ಎರಡು ಚಮಚ ಕೆಂಪು ಖಾರ, ಚಿಟಿಕೆ ಅರಿಷಿಣ ಬೆರೆಸಿ. ಉರಿ ಇರುವಾಗ ಖಾರ ಹಾಕಿದರೆ ಸುಟ್ಟು ಬಣ್ಣ ಹೋಗುತ್ತದೆ. ಮತ್ತೆ ಉರಿ ಹಚ್ಚಿ, ರುಬ್ಬಿದ ಮಸಾಲೆ ಹಾಕಿ ಅಂಚಿನಲ್ಲಿ ಎಣ್ಣೆ ಬಿಡುವತನಕ ತಿರುವಿ. ಆಮೇಲೆ ಕಾಳು, ಅದು ಬೆಂದ ನೀರು, ಉಪ್ಪು ಹಾಕಿ, ಕೊನೆಗೆ ಸ್ವಲ್ಪ ಹುಣಸೆರಸ ಬಿಟ್ಟು ಐದು ನಿಮಿಷ ಕುದಿಸಿ.

ಜೊತೆಗೆ ಬಿಸಿ ಜೋಳದ ರೊಟ್ಟಿ ಇರಲಿ. ಜೋಳದಲ್ಲಿ ಗೋಧಿಯ ಅಂಟು ಇಲ್ಲದ್ದರಿಂದ ಹಿಟ್ಟಿಗೆ ಜಿಗಿ ಬರುವುದು ಕುದಿಯುವ ನೀರಿನಿಂದಲೇ. ಬಡಿಯುವಾಗ ಅಂಚು ಸೀಳಿದರೆ ನೀರು ಕುದ್ದಿರಲಿಲ್ಲ, ಇಲ್ಲವೇ ಬೀಸಿಸಿದ ಹಿಟ್ಟು ಹಳೆಯದು. ಪೌಷ್ಟಿಕತೆಯ ಲೆಕ್ಕದಲ್ಲೂ ಈ ಜೋಡಿ ಸರಿ: ಜೋಳದಲ್ಲಿ ಕೊರತೆ ಇರುವ ಲೈಸಿನ್ ಅನ್ನುವ ಪ್ರೋಟೀನಿನ ಅಂಶವನ್ನು ಕಾಳು ತುಂಬಿಕೊಡುತ್ತದೆ.

ಹಾಲೂ ಬೇಡ ಅನ್ನುವವರಿಗೆ ಶೇಂಗಾ ಮೊಸರು. ಒಂದು ಬಟ್ಟಲು ಹಸಿ ಶೇಂಗಾವನ್ನು ಆರೇಳು ತಾಸು ನೆನೆಸಿ ಸಿಪ್ಪೆ ತಿಕ್ಕಿ ತೆಗೆಯಿರಿ, ಸಿಪ್ಪೆ ಉಳಿದರೆ ಒಗರು. ಮೂರು ಬಟ್ಟಲು ನೀರು ಸೇರಿಸಿ ರುಬ್ಬಿ, ಸೋಸಿ, ತಳ ಹಿಡಿಯದಂತೆ ತಿರುವುತ್ತ ಹತ್ತು ನಿಮಿಷ ಕುದಿಸಿ. ಕುದಿಸುವುದು ಕಡಿಮೆಯಾದರೆ ಹಸಿ ವಾಸನೆ ಹೋಗುವುದಿಲ್ಲ. ಉಗುರುಬೆಚ್ಚಗಾದಾಗ ಐದಾರು ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಮುಚ್ಚಿಡಿ, ಎಂಟರಿಂದ ಹತ್ತು ತಾಸಿಗೆ ಹೆಪ್ಪಾಗುತ್ತದೆ. ಮೊದಲ ಸಲ ತುಸು ನೀರಾಗಿರುತ್ತದೆ. ಅದರಿಂದಲೇ ಎರಡು ಚಮಚ ತೆಗೆದು ಮುಂದಿನದಕ್ಕೆ ಹೆಪ್ಪು ಹಾಕಿದರೆ ಗಟ್ಟಿ ಬರುತ್ತದೆ. ಮಜ್ಜಿಗೆ, ಪಚಡಿಗೆ ಚೆನ್ನಾಗಿ ಹೊಂದುತ್ತದೆ, ಚಹಾಕ್ಕೆ ಮಾತ್ರ ಶೇಂಗಾ ಹಾಲು ನನಗೆ ಒಪ್ಪುವುದಿಲ್ಲ.

ಹಾಲು, ಮೊಸರು ಪೂರ್ತಿ ಬಿಟ್ಟವರು ಬಿ12 ಮಾತ್ರೆಯನ್ನು ವೈದ್ಯರನ್ನು ಕೇಳಿ ತಪ್ಪದೆ ತೆಗೆದುಕೊಳ್ಳಬೇಕು. ಸೊಪ್ಪು, ಕಾಳು ಎಷ್ಟು ತಿಂದರೂ ಅದು ಸಿಗುವುದಿಲ್ಲ. ಕೊರತೆಯಾದರೆ ಕೈಕಾಲು ಜೋಮು ಹಿಡಿಯುತ್ತದೆ, ನರಕ್ಕೆ ಪೆಟ್ಟು ಬೀಳುತ್ತದೆ. ಔಷಧದ ಅಂಗಡಿಯಲ್ಲಿ ಕ್ಯಾಪ್ಸೂಲ್ ಬದಲು ಗುಳಿಗೆಯನ್ನೇ ಕೇಳಿ, ಮೆತ್ತನೆಯ ಕ್ಯಾಪ್ಸೂಲ್‌ಗಳ ಹೊದಿಕೆ ಸಾಮಾನ್ಯವಾಗಿ ಎಲುಬು, ಚರ್ಮದಿಂದ ಮಾಡಿದ ಜಿಲೆಟಿನ್. ಮುಖಕ್ಕೆ ಹಚ್ಚಲು ಚುಚ್ಚಿ ಹಿಂಡುವ ಹಸಿರು ವಿಟಮಿನ್ ಇ ಕ್ಯಾಪ್ಸೂಲ್ ಕೂಡ ಅಂಥದ್ದೇ. ವಿಟಮಿನ್ ಡಿ3 ಬಹುತೇಕ ಉಣ್ಣೆಯ ಲ್ಯಾನೊಲಿನ್‌ನಿಂದ ಬರುತ್ತದೆ. ಡಿ2 ಅಥವಾ ಕಲ್ಲುಹೂವಿನಂಥ ಲೈಕನ್‌ನಿಂದ ತೆಗೆದ ಡಿ3 ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ತರಿಸಿಕೊಡಲು ಹೇಳಿ.