ಯಾವ ಹಸ ದೊಡ್ಡವ್ವ?

ನವೆಂಬರ್ 12, 2025, ಬುಧವಾರ ರಾತ್ರಿ

ಮೂಲೆಮನೆ ಅವ್ವ ಹೋಗಿ ಮೂರನೇ ದಿನ, ಇವತ್ತು ಹಾಲುತುಪ್ಪ. ಬೆಂಗಳೂರಿನ ಮಗಳು ಮೂರು ದಿನದಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಬಂದವರಿಗೆ ಚಾಪೆ ಹಾಸೋದು, ಲೋಟ ತೊಳೆಯೋದು, ಇದೇ ಓಡಾಟ. "ಗಟ್ಟಿಗಿತ್ತಿ" ಅಂದರು ಒಂದಿಬ್ಬರು. ಅನ್ನಬಾರದಿತ್ತು. ಹಾಗಂದ ಮೇಲೆ ಆ ಹುಡುಗಿ ಅಳೋದಾದರೂ ಹೇಗೆ?

ಮಣ್ಣು ಮಾಡಿದ ಗುಡ್ಡೆ ಮೇಲೆ ಹಾಲು, ತುಪ್ಪ ಬಿಟ್ಟು, ಎಡೆ ಇಟ್ಟು, ಎಲ್ಲರೂ ಹಿಂದೆ ಸರಿದು ಕಾಗೆ ಕಾಯಬೇಕು. ಈ ಹೊತ್ತಿಗೆ ಅವಸರ ಮಾಡಬಾರದು. ಯಾರ ಕೈಗೂ ಕೆಲಸವಿರಲ್ಲ, ಎಲ್ಲರ ಕಣ್ಣೂ ಒಂದೇ ಕಡೆ. ಸತ್ತವರ ಮಾತು ಬಾಯಿಗೆ ಬರೋದು ಆಗಲೇ. ಕಾಗೆ ಮುಟ್ಟದಿದ್ದರೆ ಮನಸ್ಸಲ್ಲಿ ಏನು ಉಳಿಸಿಕೊಂಡಿದ್ದಳೋ ಅಂತ ಯೋಚಿಸ್ತಾರೆ. "ಮೊಮ್ಮಗನ ಓದು ನಾವು ನೋಡ್ಕೋತೀವಿ ಕನವ್ವ" ಅಂದ ಅವಳ ತಮ್ಮ ಇವತ್ತು. ಹತ್ತು ಜನರ ಮುಂದೆ ಆಡಿದ ಮಾತು, ಇನ್ನು ನಡೆಸಲೇಬೇಕು.

ಸಂಜೆ ಕೆಳಗಿನಬೀದಿ ದೊಡ್ಡವ್ವ ಬಂದವಳೇ ಹುಡುಗಿಯ ಮಂಡಿಗೆ ಮಂಡಿ ತಾಗಿಸಿ ಕೂತು, ಕೊರಳು ತಬ್ಬಿ ರಾಗ ತೆಗೆದಳು. ಹಾಡಿ ಅಳೋದಕ್ಕೂ ಒಂದು ಕ್ರಮ ಇದೆ. ಹೆಸರಲ್ಲ, ನಂಟು ಹಿಡಿದು ಕರೀಬೇಕು. ಒಂದೊಂದು ಸಾಲಿಗೆ ಒಂದೊಂದೇ ಉಪಕಾರ. ಸಾಲಿನ ಕೊನೆ ಎಳೀಬೇಕು, ಪಕ್ಕದವರು ಉಸಿರು ಸೇರಿಸೋದು ಅಲ್ಲೇ. ಬರದಲ್ಲಿ ರಾಗಿ ಅಳೆದುಕೊಟ್ಟವಳೇ, ನನ್ನ ಬಾಣಂತನಕ್ಕೆ ಹಾಲು ಕಳಿಸಿದವಳೇ...

ಹುಡುಗಿ ತಲೆ ಎತ್ತಿದಳು. "ಯಾವ ಹಸ ದೊಡ್ಡವ್ವ?"

"ಕರೀ ಹಸ ಕನವ್ವ. ನಿಮ್ಮವ್ವನ ಕೈ ಬಿಟ್ರೆ ಯಾರ ಕೈಗೂ ಹಾಲು ಬಿಡ್ತಿರಲಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ."

ಅಷ್ಟೇ. ಮೂರು ದಿನದ ಅಳು ಒಟ್ಟಿಗೆ ಬಂತು.

ಎಡವಟ್ಟಾಗೋದು ಇಂಥ ಹೊತ್ತಲ್ಲೇ. ಯಾರೋ ನೀರು ಹಿಡೀತಾರೆ, "ಸಾಕು, ಅಳಬೇಡ" ಅಂತ ಬೆನ್ನು ಬಡೀತಾರೆ. ಜೋರಾಗಿ ಬೆನ್ನು ಬಡಿದರೂ ನಿಲ್ಲಿಸು ಅಂತಲೇ ಅರ್ಥ. ಕೈ ಸುಮ್ಮನೆ ಇಟ್ಟುಕೊಂಡಿರಬೇಕು. ಬಿಕ್ಕು ಇಳಿದು ಒಂದು ಉದ್ದನೆ ಉಸಿರು ತಾನಾಗೇ ಬರುತ್ತೆ, ನೀರು ಕೊಡೋದು ಆಮೇಲೆ, ಗುಟುಕು ಗುಟುಕಾಗಿ. ದೊಡ್ಡವ್ವನಿಗೆ ಇದೆಲ್ಲ ಯಾರು ಕಲಿಸಿದರೋ.

ಊಟದ್ದೇ ಚಿಂತೆ. ಮೊದಲ ದಿನ ಐದು ಮನೆಯಿಂದ ಸಾರು ಬಂದು ಅರ್ಧ ಹಳಸಿತು. ನಿಜವಾಗಿ ಕಷ್ಟ ಐದನೇ ದಿನದಿಂದ ಹತ್ತನೇ ದಿನದವರೆಗೆ. ನೆಂಟರು ಹೊರಟಿರುತ್ತಾರೆ, ಒಲೆ ಹಚ್ಚೋಕೆ ಮನೆಯವರಿಗೆ ಕೈ ಬರಲ್ಲ. ದಿನಕ್ಕೆ ಒಂದೇ ಮನೆ ಅಂತ ಸರದಿ ಹಾಕಬೇಕು. ಹತ್ತು ಜನಕ್ಕೆ ಒಂದೊಂದು ಮುದ್ದೆಗೆ 1 ಕೆಜಿ ಹಿಟ್ಟು, ಸುಮಾರು 2 ಲೀಟರ್ ನೀರು ಸಾಕು. ಸಾರು ತೆಳ್ಳಗಿರಲಿ, ಅತ್ತ ಗಂಟಲಲ್ಲಿ ಗಟ್ಟಿ ಪದಾರ್ಥ ಇಳಿಯಲ್ಲ. 11ನೇ ದಿನ ತಿಥಿಗೆ ಊರೆಲ್ಲ ಬರುತ್ತೆ, ಅದು ಹೇಗೋ ನಡೆದುಹೋಗುತ್ತೆ.

ಪಟ್ಟಣದಿಂದ ಬಂದ ಹುಡುಗರು "ಹೋಗಿ ಬರ್ತೀವಿ" ಅಂತಾರೆ. ಸಾವಿನ ಮನೆಯಲ್ಲಿ ಹಾಗನ್ನಲ್ಲ. ದೀಪ ನೋಡಿಕೊಂಡು ಸುಮ್ಮನೆ ಎದ್ದು ನಡೀಬೇಕು. ಹೇಳಿಕೊಡೋರಿಲ್ಲ ಅವಕ್ಕೆ.

ಆ ದೀಪದ ಬತ್ತಿ ದಪ್ಪವಾಗಿದೆ, ಎಣ್ಣೆ ಬೇಗ ಖಾಲಿ. ಹರಳೆಣ್ಣೆ ಹಾಕಿದರೆ ನಿಧಾನಕ್ಕೆ ಉರಿದೀತು. ಶನಿವಾರದ ಊಟ ಇನ್ನೂ ಯಾರೂ ಒಪ್ಪಿಕೊಂಡಿಲ್ಲ. ಬೆಳಿಗ್ಗೆ ಚಿಕ್ಕವ್ವನ್ನ ಕೇಳಿ...