ಮನೆಯಲ್ಲೇ ಫೋಟೋ ಪ್ರಿಂಟು: ಪ್ರಿಂಟರ್ ತರುವ ಮುಂಚೆ, ತಂದ ಮೇಲೆ

ಮನೆಗೆ ಫೋಟೋ ಪ್ರಿಂಟರ್ ತರಬೇಕು ಅನ್ನುವವರು ಅಂಗಡಿಯಲ್ಲಿ ಮೊದಲು ಕೇಳೋದು ಡಿಪಿಐ (ಇಂಚಿಗೆ ಬೀಳುವ ಚುಕ್ಕೆಗಳು) ಎಷ್ಟು ಅಂತ. ಡಬ್ಬದ ಮೇಲಿರುವ 5760×1440 ಅನ್ನೋ ಅಂಕಿ ಇಂಕಿನ ಹನಿಗಳು ಎಷ್ಟು ಒತ್ತೊತ್ತಾಗಿ ಬೀಳಬಲ್ಲವು ಅನ್ನೋದರ ಲೆಕ್ಕ. ಫೋಟೋ ಚೆನ್ನಾಗಿ ಬರೋದಕ್ಕೂ ಅದಕ್ಕೂ ದೂರದ ನಂಟು. ಅದಕ್ಕಿಂತ ಮುಂಚೆ ನಿಮ್ಮನ್ನೇ ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ವಾರಕ್ಕೊಂದಾದರೂ ಕಲರ್ ಪ್ರಿಂಟು ಹಾಕ್ತೀರಾ?

ಇಲ್ಲ ಅಂದರೆ ಪ್ರಿಂಟರ್ ಬೇಡ. ನಾಮಕರಣಕ್ಕೋ ಗೃಹಪ್ರವೇಶಕ್ಕೋ ವರ್ಷಕ್ಕೆರಡು ಸಲ ಒಂದಷ್ಟು ಫೋಟೋ ಬೇಕಾದವರು ಪೆನ್‌ಡ್ರೈವ್ ಹಿಡಿದು ಸ್ಟುಡಿಯೋಗೆ ಹೋಗೋದೇ ಮೇಲು. ಹಾಳೆಯ ಮೇಲೆ ಇಂಕು ಚಿಮ್ಮಿಸುವ ಭಾಗ, ಅಂದರೆ ಇಂಕ್‌ಜೆಟ್ ಹೆಡ್ಡಿನ ತೂತುಗಳು ಕೂದಲಿಗಿಂತ ಸಣ್ಣವು. ಕೆಲಸವಿಲ್ಲದೆ ಕೂತರೆ ಇಂಕಿನಲ್ಲಿರುವ ನೀರು ಆರಿ ಬಣ್ಣ ಅಲ್ಲೇ ಗಟ್ಟಿಯಾಗುತ್ತೆ. ಆಷಾಢದ ಜಡಿಯಲ್ಲಿ ಹದಿನೈದು ದಿನ ಸುಮ್ಮನಿದ್ದರೂ ತಡೆದುಕೊಳ್ಳೋ ಪ್ರಿಂಟರ್, ಶಿವರಾತ್ರಿ ಕಳೆದು ಮೈಸೂರಿನ ಗಾಳಿ ಒಣಗಿದ ಮೇಲೆ ಅದಕ್ಕಿಂತ ಬೇಗ ಗೆರೆ ಬಿಡೋಕೆ ಶುರು ಮಾಡುತ್ತೆ.

ಹಾಕ್ತೀವಿ ಅನ್ನುವವರಿಗೆ ಮುಂದಿನ ಮಾತು ಇಂಕಿನದು. ಅಂಗಡಿಯಲ್ಲಿ ಸುಲಭವಾಗಿ ಸಿಗೋದು ಸ್ಕ್ಯಾನರ್ ಸಮೇತ ಇರುವ, ಬಾಟಲಿಯಿಂದ ಇಂಕು ತುಂಬಿಸುವ ನಾಲ್ಕು ಬಣ್ಣದ ಟ್ಯಾಂಕ್ ಪ್ರಿಂಟರ್. ಮಕ್ಕಳ ಪ್ರಾಜೆಕ್ಟಿಗೆ, ಆಧಾರ್ ಜೆರಾಕ್ಸಿಗೆ ಅದು ಬೇಕಾದಷ್ಟಾಯಿತು. ಫೋಟೋ ವಿಷಯಕ್ಕೆ ಬಂದರೆ ಅಲ್ಲೊಂದು ತೊಡಕಿದೆ. ಇಂಥ ಹಲವು ಮಾಡೆಲ್‌ಗಳಲ್ಲಿ ಕಪ್ಪು ಪಿಗ್ಮೆಂಟ್ ಇಂಕು (ಕರಗದ ನುಣ್ಣನೆ ಬಣ್ಣದ ಪುಡಿಯದು), ಉಳಿದ ಮೂರು ಡೈ ಇಂಕು (ಕರಗಿದ ಬಣ್ಣದ್ದು). ಪಿಗ್ಮೆಂಟ್ ಕಪ್ಪು ಗ್ಲಾಸಿ ಪೇಪರಿನೊಳಗೆ ಇಳಿಯದೆ ಮೇಲೇ ಕೂತು ಬೆರಳಿಗೆ ಮೆತ್ತಿಕೊಳ್ಳುತ್ತೆ. ಅದಕ್ಕೇ ಗ್ಲಾಸಿ ಅಂತ ಸೆಟ್ಟಿಂಗ್ ಕೊಟ್ಟ ಕೂಡಲೇ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ಆ ಕಪ್ಪನ್ನು ಬದಿಗಿಟ್ಟು ಮೂರು ಬಣ್ಣ ಬೆರೆಸಿ ಕಪ್ಪು ಮಾಡಿಕೊಳ್ಳುತ್ತೆ. ದೀಪಾಲಂಕಾರದ ಅರಮನೆ ಫೋಟೋದಲ್ಲಿ ಹಿಂದಿನ ಆಕಾಶ ಕಪ್ಪಗೆ ಬರದೆ ಕಂದು ತಿರುಗಿದ್ದರೆ ಕಾರಣ ಹೆಚ್ಚಾಗಿ ಇದೇ. ಕೊಳ್ಳುವ ಮುಂಚೆ ಕಪ್ಪು ಬಾಟಲಿಯ ಮೇಲೆ ಪಿಗ್ಮೆಂಟ್ ಅಂತಿದೆಯಾ ಡೈ ಅಂತಿದೆಯಾ ಅಂತ ಓದಿಕೊಳ್ಳಿ.

ಫೋಟೋಗೇ ಅಂತ ತರೋದಾದರೆ ಆರು ಬಣ್ಣ ಬೇಕು. ಎಪ್ಸನ್‌ನ ಎಲ್8050 ಎ4 ಅಳತೆಯದು, ಎಲ್18050 ಎ3ಗಿಂತ ತುಸು ದೊಡ್ಡ ಹಾಳೆಯನ್ನೂ ತೆಗೆದುಕೊಳ್ಳುತ್ತೆ. ಇವೆರಡರಲ್ಲೂ ಮಾಮೂಲಿ ನಾಲ್ಕರ (ಕಪ್ಪು, ಹಳದಿ, ಹಸಿರುನೀಲಿಯ ಸಯಾನ್, ಗುಲಾಬಿಗೆಂಪಿನ ಮಜೆಂಟಾ) ಜೊತೆ ತಿಳಿ ಸಯಾನ್, ತಿಳಿ ಮಜೆಂಟಾ ಇದೆ. ರಂಗನತಿಟ್ಟಿನ ಕೊಕ್ಕರೆಯ ಬಿಳಿ ಗರಿ, ಮಗುವಿನ ಕೆನ್ನೆ, ಬೆಳಗಿನ ಆಕಾಶ, ಇಂಥ ತಿಳಿ ಜಾಗಗಳಲ್ಲಿ ನಾಲ್ಕು ಬಣ್ಣದ ಪ್ರಿಂಟರ್ ಗಾಢ ಇಂಕಿನ ಹನಿಗಳನ್ನೇ ದೂರದೂರ ಚೆಲ್ಲಬೇಕು, ಹತ್ತಿರದಿಂದ ನೋಡಿದರೆ ಕಾಳುಕಾಳಾಗಿ ಕಾಣುತ್ತೆ. ತಿಳಿ ಇಂಕಿದ್ದರೆ ಅದೇ ಜಾಗ ನುಣ್ಣಗೆ ಬರುತ್ತೆ. ಕ್ಯಾನನ್‌ನ ಜಿ570 ದಾರಿ ಬೇರೆ: ಅದರಲ್ಲಿ ಹೆಚ್ಚಿನ ಎರಡು ಬಣ್ಣ ಕೆಂಪು ಮತ್ತು ಬೂದು. ಬೂದು ಇರೋದರಿಂದ ಕಪ್ಪು ಬಿಳುಪು ಫೋಟೋ ಹಸಿರಿಗೋ ಕೆಂಪಿಗೋ ತಿರುಗೋದು ಕಮ್ಮಿ. ಅಜ್ಜ ಅಜ್ಜಿಯ ಹಳೇ ಫೋಟೋ ಸ್ಕ್ಯಾನ್ ಮಾಡಿ ತೆಗೆಯೋದೇ ಮುಖ್ಯ ಕೆಲಸವಾದರೆ ಬೂದು ಇಂಕಿರುವುದನ್ನು ನೋಡಿ. ಎಲ್8050ರಲ್ಲಾಗಲಿ ಜಿ570ರಲ್ಲಾಗಲಿ ಸ್ಕ್ಯಾನರ್ ಇಲ್ಲ ಅನ್ನೋದು ನೆನಪಿರಲಿ.

ಎಲ್ಲಾ ಬಣ್ಣವೂ ಪಿಗ್ಮೆಂಟ್ ಇರುವ ದೊಡ್ಡ ಪ್ರಿಂಟರುಗಳೂ ಇವೆ. ಬಣ್ಣ ಹೆಚ್ಚು ವರ್ಷ ಉಳಿಯುತ್ತೆ, ಮ್ಯಾಟ್ ಪೇಪರಿನ ಮೇಲೆ ನೋಡೋಕೆ ಎರಡು ಕಣ್ಣು ಸಾಲದು. ಆದರೆ ಕಾರ್ಟ್ರಿಡ್ಜ್ ದುಬಾರಿ, ಮನೆ ಆಲ್ಬಮ್ಮಿಗೆ ಅತಿಯಾಯಿತು.

ಇನ್ನು ಪೇಪರ್. ಪ್ರಿಂಟರಿಗೆ ಸಾವಿರಾರು ರೂಪಾಯಿ ಸುರಿದು ಪೇಪರಿನಲ್ಲಿ ಉಳಿಸೋಕೆ ಹೋಗೋದು ನಮ್ಮಲ್ಲಿ ಮಾಮೂಲು. ಸ್ಟೇಷನರಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 130 ಅಥವಾ 180 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಗ್ಲಾಸಿ ಪೇಪರ್ ಬಹುಪಾಲು ಕಾಸ್ಟ್ ಕೋಟೆಡ್. ಅಂದರೆ ಬರೀ ಕಾಗದ, ಮುಂದುಗಡೆ ಹೊಳಪಿನ ಲೇಪ. ಸ್ಟುಡಿಯೋ ಫೋಟೋದ ಗಡಸುತನ, ನುಣುಪು ಬರೋದು ಆರ್‌ಸಿ (ರೆಸಿನ್ ಕೋಟೆಡ್) ಪೇಪರಿನಲ್ಲಿ. ಅದರಲ್ಲಿ ಕಾಗದದ ಎರಡೂ ಬದಿಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತೆ. ಗುರುತಿಸೋದು ಸುಲಭ. ಮೂಲೆ ಹರಿದು ನೋಡಿ, ಆರ್‌ಸಿ ಆದರೆ ಅಂಚಿನಲ್ಲಿ ಪ್ಲಾಸ್ಟಿಕ್ ಎಳೆ ಜಗ್ಗುತ್ತೆ. ಇಲ್ಲ, ಹಿಂದುಗಡೆ ಒಂದು ತೊಟ್ಟು ನೀರು ಬಿಡಿ. ಕಾಸ್ಟ್ ಕೋಟೆಡ್ ಹೀರಿಕೊಂಡು ಉಬ್ಬುತ್ತೆ, ಆರ್‌ಸಿಯಲ್ಲಿ ನೀರು ಹಾಗೇ ನಿಲ್ಲುತ್ತೆ, ಒರೆಸಿದರೆ ಆಯಿತು. ಆಲ್ಬಮ್ಮಿಗೆ, ಫ್ರೇಮಿಗೆ 230ರಿಂದ 270 ಜಿಎಸ್‌ಎಂ ಆರ್‌ಸಿ ತನ್ನಿ. ಅಗ್ಗದ ಪೇಪರನ್ನು ಟೆಸ್ಟಿಗೆ, ಶಾಲೆಯ ಚಾರ್ಟಿಗೆ ಇಟ್ಟುಕೊಳ್ಳಿ.

ಯಾವ ಬದಿಗೆ ಪ್ರಿಂಟು ಅಂತ ಮ್ಯಾಟ್ ಪೇಪರಿನಲ್ಲಿ ಗೊಂದಲ ಆಗುತ್ತೆ. ಬೆರಳ ತುದಿ ತುಸು ಒದ್ದೆ ಮಾಡಿ ಮೂಲೆ ಮುಟ್ಟಿ ನೋಡಿ, ಅಂಟಿದಂತಾಗುವ ಬದಿಯೇ ಲೇಪದ ಬದಿ. ಪೊಟ್ಟಣ ಒಡೆದ ಮೇಲೆ ಉಳಿದದ್ದನ್ನು ಜಿಪ್ ಕವರಿಗೆ ಹಾಕಿ ಮಟ್ಟಸವಾಗಿ ಮಲಗಿಸಿಡಬೇಕು. ಬೀರು ಪಕ್ಕ ಒರಗಿಸಿಟ್ಟ ಪೇಪರ್ ಮಳೆಗಾಲದಲ್ಲಿ ತೇವ ಕುಡಿದು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ, ಎದ್ದ ಮೂಲೆಗೆ ಹೆಡ್ಡು ಉಜ್ಜಿ ಕಪ್ಪು ಗೀರು ಬೀಳುತ್ತೆ. ಸೊಟ್ಟಗಾಗಿದ್ದರೆ ಎದುರು ದಿಕ್ಕಿಗೆ ಹಗುರವಾಗಿ ಬಾಗಿಸಿ ಸರಿಮಾಡಿಕೊಂಡು ಹಾಕಿ. ದಪ್ಪ ಪೇಪರಿಗೆ ಹಿಂದಿನ ಟ್ರೇ ಬಳಸಿ, ಒಂದೊಂದೇ ಹಾಳೆ ಕೊಡಿ. ಡ್ರೈವರಿನಲ್ಲಿ ದಪ್ಪ ಪೇಪರ್ ಅನ್ನೋ ಆಯ್ಕೆ ಇದ್ದರೆ ಆನ್ ಮಾಡಿದರೆ ಉಜ್ಜೋದು ತಪ್ಪುತ್ತೆ.

ಪ್ರಿಂಟು ಕೊಡುವಾಗ ಪೇಪರ್ ಟೈಪ್ ಅನ್ನೋ ಆಯ್ಕೆಯೇ ಎಲ್ಲಕ್ಕಿಂತ ಮುಖ್ಯ. ಎಷ್ಟು ಇಂಕು ಬಿಡಬೇಕು, ಯಾವ ಅನುಪಾತದಲ್ಲಿ ಬೆರೆಸಬೇಕು ಅಂತ ಪ್ರಿಂಟರಿಗೆ ಗೊತ್ತಾಗೋದು ಅದರಿಂದ. ಆರ್‌ಸಿ ಗ್ಲಾಸಿ ಹಾಕಿ ಪ್ಲೇನ್ ಪೇಪರ್ ಅಂತ ಬಿಟ್ಟರೆ ಫೋಟೋ ಪೇಲವ. ಪ್ಲೇನ್ ಪೇಪರ್ ಹಾಕಿ ಗ್ಲಾಸಿ ಅಂದರೆ ಹಾಳೆ ತೊಪ್ಪೆ. ಬೇರೆ ಕಂಪನಿಯ ಆರ್‌ಸಿ ಪೇಪರಾದರೆ ಪ್ರೀಮಿಯಂ ಗ್ಲಾಸಿಯಿಂದ ಶುರು ಮಾಡಿ, ಇಂಕು ಒದ್ದೆಯಾಗಿ ನಿಂತರೆ ಒಂದು ಮೆಟ್ಟಿಲು ಕೆಳಗಿನದು ಆರಿಸಿ. ಕ್ವಾಲಿಟಿ ಹೈ ಇರಲಿ. ಹೈ ಸ್ಪೀಡ್ ಅಥವಾ ಬೈಡೈರೆಕ್ಷನಲ್ (ಹೆಡ್ಡು ಹೋಗುವಾಗಲೂ ಬರುವಾಗಲೂ ಇಂಕು ಬಿಡೋದು) ಅನ್ನೋದನ್ನು ಆಫ್ ಮಾಡಿದರೆ ನಿಧಾನವಾಗುತ್ತೆ, ಆದರೆ ಆಕಾಶದಲ್ಲಿ ಅಡ್ಡ ಪಟ್ಟಿ ಮೂಡೋದು ಕಡಿಮೆಯಾಗುತ್ತೆ.

ಅಳತೆಯ ಲೆಕ್ಕ ಹೀಗೆ: ಇಂಚಿಗೆ 300 ಪಿಕ್ಸೆಲ್ ಅಂತ ಹಿಡಿದರೆ 4×6ಕ್ಕೆ 1200×1800, ಎ4ಗೆ 2480×3508 ಬೇಕು. ವಾಟ್ಸಾಪಿನಲ್ಲಿ ಬಂದ ಫೋಟೋ ಕುಗ್ಗಿರುತ್ತೆ; 4×6ಕ್ಕೆ ಹೇಗೋ ನಡೆದರೂ ಎ4ಗೆ ಮಸುಕು. ಕಳಿಸುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಮೊಬೈಲ್ ಫೋಟೋ ಸಾಮಾನ್ಯವಾಗಿ 4:3, 4×6 ಪೇಪರ್ 3:2. ಹಾಳೆ ತುಂಬಿಸಿದರೆ ಒಂಬತ್ತರಲ್ಲಿ ಒಂದು ಪಾಲು ಕತ್ತರಿಸಿಹೋಗುತ್ತೆ. ಮದುವೆ ಗುಂಪು ಫೋಟೋದಲ್ಲಿ ಮೇಲಿನ ಸಾಲಿನವರ ತಲೆ ಹಾರೋದು ಹೀಗೆ. ಅಂಥವನ್ನು ಕೈಯಾರೆ ಕ್ರಾಪ್ ಮಾಡಿ, ಇಲ್ಲವೇ ಬಿಳಿ ಅಂಚು ಬಿಟ್ಟು ತೆಗೆಯಿರಿ. ಬಾರ್ಡರ್‌ಲೆಸ್ ಕೊಟ್ಟರೆ ಪ್ರಿಂಟರ್ ಚಿತ್ರವನ್ನು ತುಸು ಹಿಗ್ಗಿಸಿ ಅಂಚಿನಾಚೆಗೂ ಇಂಕು ಚೆಲ್ಲುತ್ತೆ. ಪಾಸ್‌ಪೋರ್ಟ್ ಫೋಟೋಗೆ ಅದು ಬೇಡವೇ ಬೇಡ, ಅಳತೆ ಕೆಡುತ್ತೆ. 35×45 ಮಿಲಿಮೀಟರಿನವು 4×6 ಹಾಳೆಯಲ್ಲಿ ಅಂಚು ಬಿಟ್ಟೂ ಎಂಟು ಹಿಡಿಯುತ್ತವೆ: ಉದ್ದಕ್ಕೆ ನಾಲ್ಕು, ಎರಡು ಸಾಲು. ಫಿಟ್ ಟು ಪೇಜ್ ತೆಗೆದು ಶೇ. 100 ಇಡಿ, ಬಂದ ಮೇಲೆ ಸ್ಕೇಲಿನಲ್ಲಿ ಅಳೆಯಿರಿ.

"ಮಾನಿಟರಿನಲ್ಲಿ ಚೆನ್ನಾಗಿದೆ, ಪ್ರಿಂಟು ಕಪ್ಪಗೆ ಬರ್ತಿದೆ" ಅನ್ನೋದು ಎಲ್ಲರ ದೂರು. ಹೆಚ್ಚಿನ ಸಲ ತಪ್ಪು ಪ್ರಿಂಟರಿನದಲ್ಲ, ಪರದೆಯ ಬೆಳಕು ಜಾಸ್ತಿ. ಬಿಳಿ ಹಾಳೆಯೊಂದನ್ನು ಪರದೆ ಪಕ್ಕ ಹಿಡಿದು, ಪರದೆಯ ಬಿಳಿ ಆ ಹಾಳೆಗೆ ಹತ್ತಿರ ಬರೋವರೆಗೂ ಬ್ರೈಟ್‌ನೆಸ್ ಇಳಿಸಿ. ಆಮೇಲೆ ಫೋಟೋ ತಿದ್ದಿ. ಬಣ್ಣ ಕೆಂಪಗೆ ಉಕ್ಕಿ ಬರುತ್ತಿದ್ದರೆ ಎರಡೆರಡು ಸಲ ಬಣ್ಣ ತಿದ್ದಲಾಗುತ್ತಿದೆಯಾ ನೋಡಿ. ಫೋಟೋಶಾಪ್ ಬಣ್ಣ ನೋಡಿಕೊಳ್ಳಲಿ ಅಂತ ಪೇಪರಿನ ಐಸಿಸಿ ಪ್ರೊಫೈಲ್ (ಆ ಪೇಪರಿನಲ್ಲಿ ಬಣ್ಣ ಹೇಗೆ ಬರುತ್ತೆ ಅಂತ ಹೇಳುವ ಫೈಲು) ಆರಿಸಿದ್ದರೆ, ಪ್ರಿಂಟರ್ ಡ್ರೈವರಿನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆಫ್ ಇರಲೇಬೇಕು. ಇಬ್ಬರಲ್ಲಿ ಒಬ್ಬರೇ ಆ ಕೆಲಸ ಮಾಡಬೇಕು. ಇದೆಲ್ಲ ತಲೆನೋವು ಅನ್ನುವವರು ಫೈಲನ್ನು ಮಾಮೂಲಿ ಬಣ್ಣದ ಮಾದರಿಯಾದ ಎಸ್‌ಆರ್‌ಜಿಬಿಯಲ್ಲಿಟ್ಟು, ಕಂಪನಿಯದೇ ಇಂಕು, ಕಂಪನಿಯದೇ ಪೇಪರ್ ಹಾಕಿ, ಎಲ್ಲವನ್ನೂ ಡ್ರೈವರಿಗೆ ಬಿಟ್ಟುಬಿಡಿ. ಬಹುತೇಕ ಸರಿಯಾಗೇ ಬರುತ್ತೆ. ಪ್ರೊಫೈಲ್ ಮಾಡಿರೋದು ಒಂದು ನಿರ್ದಿಷ್ಟ ಇಂಕು, ನಿರ್ದಿಷ್ಟ ಪೇಪರಿನ ಜೋಡಿಗೆ. ಲೋಕಲ್ ಇಂಕು ತುಂಬಿಸಿದ ದಿನವೇ ಆ ಲೆಕ್ಕ ತಪ್ಪುತ್ತೆ.

ಟೆಸ್ಟಿಗೆ ನಾಲ್ಕು ಚಿತ್ರ ಸಾಕು, ಒಂದೇ ಎ4 ಹಾಳೆಯಲ್ಲಿ ಕೂರಿಸಬಹುದು: ಒಂದು ಮುಖ, ಮಂಡ್ಯದ ಕಡೆಯ ಕಬ್ಬಿನ ಗದ್ದೆ, ಜರಿ ಅಂಚಿನ ರೇಷ್ಮೆ ಸೀರೆ, ರಾತ್ರಿಯ ಅರಮನೆ. ಗದ್ದೆಯ ಹಸಿರು ನೀಲಿಗೆ ವಾಲಿದರೆ ಹಳದಿ ನಾಜಲ್ (ಹೆಡ್ಡಿನ ಇಂಕು ಬಿಡುವ ತೂತು) ಮೇಲೆ ಮೊದಲ ಅನುಮಾನ. ಅರಮನೆಯ ಬಲ್ಬುಗಳು ಒಂದಕ್ಕೊಂದು ಅಂಟಿ ಹಳದಿ ಗೆರೆಯಂತಾಗಿದ್ದರೆ ಇಂಕು ಜಾಸ್ತಿ ಬೀಳುತ್ತಿದೆ, ಪೇಪರ್ ಟೈಪ್ ಬದಲಿಸಿ. ಸೀರೆಯ ಕಡು ನೇರಳೆ ಪರದೆಯಲ್ಲಿ ಕಂಡಷ್ಟು ಉಜ್ವಲವಾಗಿ ಬರಲ್ಲ. ಅಷ್ಟು ಗಾಢವಾದ ಬಣ್ಣ ಇಂಕಿನ ಕೈಗೆ ಎಟುಕಲ್ಲ, ಅದಕ್ಕೆ ಕೊರಗಬೇಡಿ. ಟೆಸ್ಟ್ ಹಾಳೆಯನ್ನು ಬಲ್ಬಿನಡಿ ನೋಡದೆ ಹಗಲು ಕಿಟಕಿ ಪಕ್ಕ ನೋಡಿ.

ಗೆರೆ ಬಂದಾಗ ಜನ ಮಾಡೋದು ಒಂದೇ, ಹೆಡ್ ಕ್ಲೀನಿಂಗ್ ಮೇಲೆ ಹೆಡ್ ಕ್ಲೀನಿಂಗ್. ಮೊದಲು ನಾಜಲ್ ಚೆಕ್ (ತೂತುಗಳನ್ನು ಪರೀಕ್ಷಿಸುವ ಗೆರೆಗಳ ಪ್ರಿಂಟು) ತೆಗೆದು ಯಾವ ಬಣ್ಣದಲ್ಲಿ ಎಷ್ಟು ಗೆರೆ ತುಂಡಾಗಿದೆ ನೋಡಿ. ಒಂದು ಕ್ಲೀನಿಂಗ್, ಮತ್ತೆ ಚೆಕ್. ಹೀಗೆ ಮೂರು ಸಲಕ್ಕೂ ಸರಿಹೋಗದಿದ್ದರೆ ಪ್ರಿಂಟರ್ ಆಫ್ ಮಾಡಿ ಕನಿಷ್ಠ 12 ಗಂಟೆ ಬಿಡಿ. ಗಟ್ಟಿಯಾದ ಇಂಕು ಆ ಹೊತ್ತಿನಲ್ಲಿ ನೆನೆಯುತ್ತೆ, ಒಳಗೆ ಸೇರಿಕೊಂಡ ಗಾಳಿಗುಳ್ಳೆ ಸರಿಯುತ್ತೆ. ಎಪ್ಸನ್‌ನ ಪವರ್ ಕ್ಲೀನಿಂಗ್ ಕೊನೇ ಅಸ್ತ್ರ. ಅದು ಕೊಳವೆಯಲ್ಲಿರುವ ಇಂಕನ್ನೆಲ್ಲ ಎಳೆದು ಹೊರಹಾಕುತ್ತೆ, ಹಾಗಾಗಿ ಪ್ರತಿ ಟ್ಯಾಂಕೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಿರಬೇಕು. ಕಮ್ಮಿ ಇದ್ದಾಗ ಮಾಡಿದರೆ ಗಾಳಿ ಎಳೆದುಕೊಂಡು ಇದ್ದದ್ದೂ ಕೆಡುತ್ತೆ. ಕ್ಯಾನನ್‌ನಂಥ ಶಾಖದಿಂದ ಹನಿ ಚಿಮ್ಮಿಸುವ ಹೆಡ್ಡು ಇಂಕಿಲ್ಲದೆ ಓಡಿದರೆ ಸುಟ್ಟೇ ಹೋಗಬಹುದು. ಟ್ಯಾಂಕಿನ ಕೆಳಗೆರೆ ಮುಟ್ಟೋ ಮುಂಚೆ ತುಂಬಿಸಿಬಿಡಿ.

ಇನ್ನೊಂದು ಮಾತು, ಗೋಡೆಯ ಸ್ವಿಚ್ಚು. ಪ್ರಿಂಟರಿನದೇ ಬಟನ್ ಒತ್ತಿ ಆಫ್ ಮಾಡಿದರೆ ಹೆಡ್ಡು ಬಲಗಡೆ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತೆ. ನೇರವಾಗಿ ಸ್ವಿಚ್ ಆರಿಸಿದರೆ, ಅಥವಾ ಪ್ರಿಂಟ್ ಮಧ್ಯೆ ಕರೆಂಟ್ ಹೋದರೆ, ಹೆಡ್ಡು ಇದ್ದಲ್ಲೇ ತೆರೆದುಕೊಂಡು ನಿಂತು ಒಣಗುತ್ತೆ. ಕರೆಂಟ್ ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಅದು ತನ್ನ ಜಾಗಕ್ಕೆ ಹೋದ ಮೇಲೆ ಬಟನ್ನಿಂದಲೇ ಆಫ್ ಮಾಡಿ.

ಕ್ಲೀನಿಂಗಿನಲ್ಲಿ ಹೋದ ಇಂಕೆಲ್ಲ ಒಳಗಿನ ಸ್ಪಂಜಿನಲ್ಲಿ ಸೇರುತ್ತಾ ಹೋಗಿ, ಒಂದು ಲೆಕ್ಕ ದಾಟಿದ ಮೇಲೆ ಪ್ರಿಂಟರ್ ತಾನೇ ನಿಂತುಬಿಡುತ್ತೆ. ಈಚಿನ ಹಲವು ಮಾಡೆಲ್‌ಗಳಲ್ಲಿ ಅದನ್ನು ಡಬ್ಬಿಯ ರೂಪದಲ್ಲಿ ನಾವೇ ಬದಲಿಸಬಹುದು, ಹಳೆಯದರಲ್ಲಿ ಸರ್ವಿಸ್ ಸೆಂಟರಿಗೇ ಹೋಗಬೇಕು. ಕೊಳ್ಳುವಾಗಲೇ ಕೇಳಿಕೊಳ್ಳಿ. ಯೂಟ್ಯೂಬ್ ನೋಡಿ ಕೌಂಟರ್ ಮಾತ್ರ ರೀಸೆಟ್ ಮಾಡಿ ಸ್ಪಂಜನ್ನು ಹಾಗೇ ಬಿಟ್ಟರೆ ಒಂದು ದಿನ ಮೇಜಿನ ಮೇಲೆಲ್ಲ ಇಂಕು.

ಪ್ರಿಂಟು ಮುಟ್ಟಿದರೆ ಒಣಗಿದಂತೆ ಕಂಡರೂ ಇಂಕಿನಲ್ಲಿರುವ ಗ್ಲೈಕಾಲ್ ನಿಧಾನ ಆರುತ್ತಿರುತ್ತೆ. ಬಂದ ತಕ್ಷಣ ಗಾಜು ಹಾಕಿದರೆ ಒಳಗಿಂದ ಮಂಜು ಹಿಡಿಯುತ್ತೆ. ಒಂದು ದಿನ ಬಿಳಿ ಕಾಗದ ಮುಚ್ಚಿಟ್ಟು ಆಮೇಲೆ ಫ್ರೇಮಿಗೆ ಹಾಕಿ, ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಚೌಕಟ್ಟು ಇಡಿಸಿ. ಹಾಗೇ ಗೋಡೆಗೆ ಅಂಟಿಸಿದ ಡೈ ಪ್ರಿಂಟನ್ನು ಬಿಸಿಲೊಂದೇ ಅಲ್ಲ, ಗಾಳಿಯಲ್ಲಿರುವ ಓಝೋನ್ ಕೂಡ ತಿನ್ನುತ್ತೆ. ದೇವರ ಮನೆಯಲ್ಲಾದರೆ ದೀಪದ ಮಸಿ ಬೇರೆ. ಹಿಂದೆ ಹೆಸರು, ತಾರೀಖು ಬರೆಯೋದಾದರೆ ಜೆಲ್ ಪೆನ್ ಬೇಡ, ಆರ್‌ಸಿ ಪೇಪರಿನ ಬೆನ್ನಿನ ಮೇಲೆ ಅದು ಬೇಗ ಆರದೆ ಕೆಳಗಿನ ಫೋಟೋಗೆ ಮೆತ್ತಿಕೊಳ್ಳುತ್ತೆ. ಬಾಲ್ ಪೆನ್ ಒತ್ತಿ ಬರೆದರೆ ಮುಂದುಗಡೆ ಉಬ್ಬು ಮೂಡುತ್ತೆ. ಸಿಡಿ ಮಾರ್ಕರ್ ತಗೊಂಡು ಅಂಚಿನಲ್ಲಿ ಹಗುರವಾಗಿ ಬರೆದು, ಎರಡು ನಿಮಿಷ ಆರಲು ಬಿಡಿ.