ಚಿಂಪಾಂಜಿ ರೀಲು ಕೊಳ್ಳುವ ಮುಂಚೆ

ಮನೆಯ ಗೋಡೆಯ ಮೇಲೆ ಹಳೇ ಚಿಂಪಾಂಜಿ ಕಾಮಿಡಿ ಓಡಿಸುವ ಹುಚ್ಚು ಹತ್ತಿದ್ದರೆ 16 ಎಂಎಂ ಅಗಲದ ಫಿಲ್ಮಿನ ಕಪ್ಪು-ಬಿಳುಪು, ಶಬ್ದವಿರುವ ಪ್ರಿಂಟನ್ನೇ ಹುಡುಕಿ. 1930ರ ಆಸುಪಾಸಿನಲ್ಲಿ ಹಾಲಿವುಡ್‌ನ ಟಿಫನಿ ಕಂಪನಿ ಚಿಂಪಾಂಜಿಗಳಿಗೆ ಕೋಟು-ಟೋಪಿ ತೊಡಿಸಿ, ಮನುಷ್ಯರ ದನಿ ಸೇರಿಸಿ ತೆಗೆದ ಕಿರುಚಿತ್ರಗಳ ಮಜಾ ಇರುವುದೇ ಮಾತಿನಲ್ಲಿ. ಮನೆ ಪ್ರದರ್ಶನಕ್ಕೆಂದು ಕ್ಯಾಸಲ್ ಫಿಲ್ಮ್ಸ್ ಮಾರುತ್ತಿದ್ದ ಚಿಂಪಾಂಜಿ ರೀಲುಗಳಲ್ಲಿ ಮೂಕಿಯೂ ಉಂಟು. 8 ಎಂಎಂನ 50 ಅಡಿ ತುಣುಕು ನಾಲ್ಕೇ ನಿಮಿಷಕ್ಕೆ ಮುಗಿಯುತ್ತದೆ, ಅದಕ್ಕೆ ದುಡ್ಡು ಸುರಿಯುವುದು ದಂಡ. ಈಸ್ಟ್‌ಮನ್ ಬಣ್ಣದ ಹಳೇ ಪ್ರಿಂಟುಗಳು ಬಹುತೇಕ ಗುಲಾಬಿಗೆ ತಿರುಗಿರುತ್ತವೆ.

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಪ್ರೊಜೆಕ್ಟರ್ ಕಣ್ಣಿಗೆ ಬೀಳಬಹುದು, ಇಂಥ ರೀಲು ಅಪರೂಪ. ಎಲ್ಲೇ ಸಿಗಲಿ, ಮಾರುವವ ಏನೇ ಹೇಳಲಿ, ಡಬ್ಬಿ ತೆರೆದು ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್, ಅಂದರೆ ಫಿಲ್ಮಿನ ಪ್ಲಾಸ್ಟಿಕ್ ಪಟ್ಟಿಯೇ, ಕೊಳೆಯಲು ಶುರುವಾಗಿದೆ. ಅದು ನಿಲ್ಲುವ ರೋಗವಲ್ಲ, ಹೊರಬಂದ ಆಮ್ಲವೇ ಕೊಳೆತವನ್ನು ಇನ್ನಷ್ಟು ಜೋರು ಮಾಡುತ್ತದೆ. ವಾಸನೆ ಇಲ್ಲದಿದ್ದರೂ ಕುಗ್ಗಿದೆಯೇ ಎಂದು ಅಳೆಯಿರಿ. 16 ಎಂಎಂನಲ್ಲಿ ಒಂದು ತೂತಿನಿಂದ ಮುಂದಿನದಕ್ಕೆ 7.62 ಮಿ.ಮೀ., ಅಂದರೆ 100 ಫ್ರೇಮಿಗೆ 762 ಮಿ.ಮೀ. ಮೇಜಿನ ಮೇಲೆ ಎಳೆಯದೆ ಹಾಸಿ ಸ್ಟೀಲ್ ಪಟ್ಟಿ ಇಡಿ. 754ಕ್ಕೆ ಇಳಿದಿದ್ದರೆ ಶೇ. 1 ಕುಗ್ಗಿದೆ, ಪ್ರೊಜೆಕ್ಟರಿನ ಹಲ್ಲುಗಳು ತೂತು ಹರಿಯುತ್ತವೆ. ಅಂಥದ್ದನ್ನು ಓಡಿಸಬೇಡಿ, ಸ್ಕ್ಯಾನ್ ಮಾಡಿಸಿ.

ಅಮೆರಿಕದ ಪ್ರೊಜೆಕ್ಟರ್ ತರಿಸುವವರು ಸಾಮಾನ್ಯವಾಗಿ ಎಡವುವುದು ಕರೆಂಟಿನಲ್ಲಿ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸೀತು, 50 ಹರ್ಟ್ಸನ್ನು 60 ಮಾಡಲಾರದು. ಕರೆಂಟಿನ ಹರ್ಟ್ಸಿಗೆ ತಕ್ಕ ವೇಗದಲ್ಲಿ ತಿರುಗುವ ಎಸಿ ಮೋಟಾರ್ ಇದ್ದರೆ ಸೆಕೆಂಡಿಗೆ 24ರ ಬದಲು 20 ಫ್ರೇಮ್ ಓಡುತ್ತದೆ. 11 ನಿಮಿಷದ 400 ಅಡಿ ರೀಲು 13 ನಿಮಿಷ ದಾಟುತ್ತದೆ, ಕೀಚಲು ದನಿಯ ಚಿಂಪಾಂಜಿ ಗೊಗ್ಗರು ದನಿಯಲ್ಲಿ ಎಳೆಯುತ್ತದೆ. 50 ಹರ್ಟ್ಸಿನ ಪುಲ್ಲಿ ಹಾಕಿಸಿ, ಇಲ್ಲವೇ ಮೊದಲೇ ಆ ಮಾಡೆಲ್ ಕೇಳಿ.

ಇನ್ನು ಮಾತಿಗೂ ಚಿತ್ರಕ್ಕೂ ಹೊಂದಿಕೆ. 16 ಎಂಎಂನಲ್ಲಿ ಆಪ್ಟಿಕಲ್ ಶಬ್ದ (ಫಿಲ್ಮಿನ ಅಂಚಿನಲ್ಲೇ ಅಚ್ಚಾದ, ಬೆಳಕಿನಿಂದ ಓದುವ ಶಬ್ದ) ತನ್ನ ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತದೆ. ಗೇಟಿನ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿಯ) ಕೆಳಗೆ ಫಿಲ್ಮು ಸಡಿಲವಾಗಿ ಬಾಗುವ ಲೂಪು ದೊಡ್ಡದೋ ಚಿಕ್ಕದೋ ಆದರೆ ಇದು ತಪ್ಪುತ್ತದೆ. ಬೇರೆ ಸಿನಿಮಾದಲ್ಲಿ ತುಟಿ ನೋಡಿ ಸರಿಮಾಡಿಕೊಳ್ಳಬಹುದು. ಇಲ್ಲಿ ತುಟಿಯನ್ನು ನಂಬುವಂತಿಲ್ಲ: ಪ್ರಾಣಿ ಬಾಯಾಡಿಸಿದ್ದಕ್ಕೆ ಆಮೇಲೆ ಮಾತು ಕೂಡಿಸಿದ್ದು, ಮೂಲದಲ್ಲೇ ಅಷ್ಟಕ್ಕಷ್ಟೆ. ಬಾಗಿಲು ಬಡಿಯುವುದೋ ತಟ್ಟೆ ಒಡೆಯುವುದೋ ಇರುವ ಜಾಗ ಗುರುತಿಟ್ಟುಕೊಂಡು ಅದರಿಂದ ಲೂಪು ಹೊಂದಿಸಿ. ಬಾಯಿಯ ಮಾತು ಬಂತೆಂದು ಹೇಳುತ್ತೇವೆ: ಹಲ್ಲೆಲ್ಲ ಕಾಣುವಂತೆ ಕಿಸಿಯುವ ಆ 'ನಗು' ಚಿಂಪಾಂಜಿಗಳಲ್ಲಿ ಹೆದರಿಕೆಯ ಗುರುತು. ಆಟದ ಖುಷಿಯಲ್ಲಿದ್ದರೆ ಬಾಯಿ ಸಡಿಲವಾಗಿ ತೆರೆದಿದ್ದರೂ ಮೇಲಿನ ಹಲ್ಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ಗೊತ್ತಾದ ಮೇಲೆ ಕೆಲವು ದೃಶ್ಯಗಳಿಗೆ ನಗು ಬರುವುದಿಲ್ಲ.

ಮಾಟುಂಗಾ, ಡೊಂಬಿವಲಿ ಫ್ಲ್ಯಾಟಿನ ಹಾಲಿನಲ್ಲಿ ಪ್ರೊಜೆಕ್ಟರಿನಿಂದ ಪರದೆಗೆ ಮೂರೂವರೆ ಮೀಟರ್ ದೂರ ಸಿಕ್ಕರೆ ದೊಡ್ಡದು. ಪ್ರೊಜೆಕ್ಟರಿನೊಂದಿಗೆ ಸಾಮಾನ್ಯವಾಗಿ ಬರುವ 50 ಎಂಎಂ ಲೆನ್ಸಿನಲ್ಲಿ ಚಿತ್ರದ ಅಗಲ 68 ಸೆಂ.ಮೀ. ಮಾತ್ರ. 25 ಎಂಎಂ ಲೆನ್ಸ್ ಹಾಕಿದರೆ 1.35 ಮೀಟರ್. ಸಂಘದ ಮಕ್ಕಳ ಕೂಟದಲ್ಲಿ ತೋರಿಸುವುದಿದ್ದರೆ ಮೂಕಿ ರೀಲೇ ವಾಸಿ, ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಬಾಯಿಗೆ ಬಂದದ್ದು ಹೇಳಬಹುದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಗಳನ್ನು ಸುಮ್ಮನೆ ತೆರೆಯಬೇಡಿ. ಮಳೆಗಾಲದ ತೇವಕ್ಕೆ ಚಿತ್ರ ಕೂತಿರುವ ಜೆಲಟಿನ್ ಪದರದ ಮೇಲೆ ಬೂಷ್ಟು ಹತ್ತುತ್ತದೆ, ಅದನ್ನು ನೀರಿನಿಂದ ಒರೆಸಿದರೆ ಚಿತ್ರವೇ ಎದ್ದು ಬರಬಹುದು. ಒಣ ಮೆತ್ತನೆ ಬಟ್ಟೆ, ಬೇಕಿದ್ದರೆ ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲ್, ಅದೂ ಮೊದಲು ಲೀಡರಿನ (ರೀಲಿನ ಶುರುವಿನ ಚಿತ್ರವಿಲ್ಲದ ಪಟ್ಟಿಯ) ತುದಿಯಲ್ಲಿ ಪರೀಕ್ಷಿಸಿ. ತುಕ್ಕು ಹಿಡಿದ ತಗಡಿನ ಡಬ್ಬಿ ಎಸೆದು ಪಾಲಿಪ್ರೊಪಿಲೀನ್ ಡಬ್ಬಿಗೆ ಹಾಕಿ. ಎಸಿ ಕೋಣೆಯಿಂದ ತಂದ ಡಬ್ಬಿಯನ್ನು ಕೆಲವು ಗಂಟೆ ಮುಚ್ಚಿಯೇ ಇಡಿ, ಇಲ್ಲದಿದ್ದರೆ ತಣ್ಣನೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಹುಳಿ ವಾಸನೆ ಹಿಡಿದ ರೀಲನ್ನು ಒಳ್ಳೆಯವುಗಳಿರುವ ಕಪಾಟಿಗೆ ಸೇರಿಸಲೇಬೇಡಿ.